ಪೂರ್ವಮೇಘವೂ ಪ್ರಯಾಣದ ಪಟ್ಟಿಯೂ

ಬೇಸಗೆಯ ರಜೆ ಸಮೀಪಿಸಿದೊಡನೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ರಾತ್ರಿಯ ಊಟವಾದ ಮೇಲೆ ಒಂದು ಸಣ್ಣ ಸಭೆ ಸೇರುವುದುಂಟು. ಮಕ್ಕಳು ಮೊಬೈಲಿನಲ್ಲಿ ನಕ್ಷೆಯನ್ನು ಬಿಡಿಸುವರು. ಯಜಮಾನರು ಕಾಗದ ಲೇಖನಿಗಳನ್ನು ಹಿಡಿಯುವರು. ಮನೆಯಾಕೆ ಸ್ಟವ್ವು, ಚಾಪೆ, ಅವಲಕ್ಕಿ, ಚಟ್ನಿಪುಡಿಗಳ ಲೆಕ್ಕವನ್ನು ಹಾಕುವರು. ಚಿಕ್ಕಪೇಟೆಯ ಕಡೆಗೆ ಹೋಗಿ ಹಗ್ಗವನ್ನೂ ಟಾರ್ಪಾಲನ್ನೂ ತಂದದ್ದಾಗಿರುತ್ತದೆ. ಡೇರೆಯನ್ನು ಬಾಡಿಗೆಗೆ ಗೊತ್ತುಮಾಡಿದ್ದೂ ಆಗಿರುತ್ತದೆ. ಸ್ವಂತ ಕಾರಿನಲ್ಲಿ ಹೊರಟು, ಮಲೆನಾಡನ್ನು ಹಾದು, ಘಟ್ಟವನ್ನಿಳಿದು, ಕಡಲ ಕರೆಯಲ್ಲಿ ಬೀಡುಬಿಟ್ಟು, ನಾಲ್ಕು ದಿನಗಳೊಳಗೆ ಮನೆಗೆ ಮರಳಬೇಕೆಂಬುದು ಸಂಕಲ್ಪ. ಈ ಸಭೆಯಿಂದ ಹುಟ್ಟುವ ಪಟ್ಟಿಯು ಬಹುಮಟ್ಟಿಗೆ ಹೀಗಿರುವುದು: ಮೊದಲನೆಯ ದಿನ ಹಳೇಬೀಡು, ಬೇಲೂರು, ಮುಳ್ಳಯ್ಯನಗಿರಿ, ಎರಡನೆಯ ದಿನ ಶೃಂಗೇರಿ, ಕುಪ್ಪಳಿ, ಆಗುಂಬೆಯ ಸೂರ್ಯಾಸ್ತ, ಮೂರನೆಯ ದಿನ ಉಡುಪಿ, ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ, ನಾಲ್ಕನೆಯ ದಿನ ಜೋಗ, ಇಕ್ಕೇರಿ, ಬೆಂಗಳೂರು.

ಇಂತಹ ಪಟ್ಟಿಯನ್ನೂ ಒಂದು ರಚನೆಯೆಂದೆಣಿಸಿ ಅದರ ಗುಣದೋಷಗಳನ್ನು ವಿಚಾರಿಸಬಹುದೆ? ವಿಚಾರಿಸಬಹುದು, ವಿಚಾರಿಸಲೂ ಬೇಕು. ಏಕೆಂದರೆ ಪ್ರಯಾಣದ ಯೋಜನೆಯೆಂಬುದು ಸಂಸ್ಕೃತಸಾಹಿತ್ಯದಲ್ಲಿ ಅಲ್ಪವಸ್ತುವಲ್ಲ. ಆ ಸಾಹಿತ್ಯದ ಅತ್ಯಂತ ಪ್ರಿಯವಾದ ಖಂಡಕಾವ್ಯದ ಅರ್ಧಭಾಗವು ಪ್ರಯಾಣಯೋಜನೆಯಲ್ಲದೆ ಬೇರೆಯಲ್ಲ. ಕಾಳಿದಾಸನ ಮೇಘದೂತದ ಪೂರ್ವಭಾಗದಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ರಾಮಗಿರಿಯಲ್ಲಿ ಶಾಪಗ್ರಸ್ತನಾಗಿ ಕುಳಿತಿರುವ ಯಕ್ಷನು ಆಷಾಢದ ಮೋಡವನ್ನು ಕಂಡು, ಅಲಕಾಪುರಿಯವರೆಗಿನ ದಾರಿಯನ್ನು ಅದಕ್ಕೆ ಹೇಳುತ್ತಾನೆ, ಅಷ್ಟೆ. ಕಾವ್ಯವನ್ನು ಓದಿ ಮುಗಿಸಿದವರಿಗೆ ಮೋಡವು ಹೊರಟಿತೋ ಇಲ್ಲವೋ ಎಂಬುದೇ ತಿಳಿಯದು. ಆದರೂ ಪ್ರಯಾಣವನ್ನು ಮಾಡಿದ ತೃಪ್ತಿ ಅವರಿಗೆ ಉಂಟಾಗುತ್ತದೆ. ಒಳ್ಳೆಯ ಯೋಜನೆಗೆ ಎಷ್ಟು ಶಕ್ತಿಯಿದೆಯೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಆಲಂಕಾರಿಕರ ಮಾತನ್ನು ಮೊದಲು ನೋಡೋಣವಾಗಲಿ. ಮಹಾಕಾವ್ಯಕ್ಕೆ ಬೇಕಾದ ವರ್ಣನೆಗಳನ್ನು ದಂಡಿಯು ಕಾವ್ಯಾದರ್ಶದಲ್ಲಿ ಎಣಿಸುವಾಗ ಸಮುದ್ರವನ್ನೂ ಪರ್ವತವನ್ನೂ ಋತುವನ್ನೂ ಹೇಳಿ, ಮುಂದೆ ಮಂತ್ರ, ದೂತ, ಪ್ರಯಾಣ ಎಂಬ ಕ್ರಮವನ್ನಿಡುತ್ತಾನೆ. ಇಲ್ಲಿ ಮಂತ್ರವೆಂದರೆ ಆಲೋಚನೆ. ಮೊದಲು ಆಲೋಚನೆ; ಬಳಿಕ ಮುಂದಾಗಿ ಸುದ್ದಿಯನ್ನು ಕಳುಹಿಸುವುದು; ಆಮೇಲೆ ಹೊರಡುವುದು. ಯುದ್ಧಯಾತ್ರೆಯನ್ನು ಕುರಿತ ಈ ಕ್ರಮವು ಗೃಹಸ್ಥನ ವಿಹಾರಯಾತ್ರೆಗೂ ಒಪ್ಪುತ್ತದೆ. ಆದರೆ ಇದರಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಆ ವರ್ಣನೆಗಳು ಹದಿನೆಂಟೆಂದು ಗೊತ್ತಾಗಿ, ಹದಿನೆಂಟನ್ನೂ ತುಂಬಲೇಬೇಕೆಂಬ ಹಟ ಹುಟ್ಟಿದ ಮೇಲೆ ಎಷ್ಟೋ ಚಂಪೂಕಾವ್ಯಗಳು ಬಡವಾದುವು. ಚಂದ್ರೋದಯ ಬರಬೇಕಾದುದರಿಂದ ಚಂದ್ರನು ಬಂದನು. ಜಲಕ್ರೀಡೆ ಆಗಬೇಕಾದುದರಿಂದ ಎಲ್ಲರೂ ನೀರಿಗಿಳಿದರು. ಕಥೆಗೆ ಅದರಿಂದ ಏನಾಯಿತೆಂದು ಕೇಳುವವರೇ ಇಲ್ಲದಂತಾಯಿತು. ಮೇಲೆ ಹೇಳಿದ ನಾಲ್ಕು ದಿನಗಳ ಪಟ್ಟಿಯ ದೋಷವೂ ಇದೇ. ಅದರಲ್ಲಿ ಹದಿಮೂರು ಹೆಸರುಗಳಿವೆ, ಆದರೆ ಒಂದು ಸ್ಥಳವೂ ಇಲ್ಲ. ನಿಂತರೆ ತಾನೆ ಸ್ಥಳ?

ಯಕ್ಷನ ಯೋಜನೆ ಹೇಗಿದೆಯೆಂಬುದನ್ನು ಈಗ ಪರಾಮರ್ಶಿಸಬಹುದು. ಆತನು ಸಂದೇಶಕ್ಕಿಂತ ಮೊದಲು ದಾರಿಯನ್ನು ಹೇಳುತ್ತಾನೆ. ದಾರಿಯನ್ನು ಹೇಳತೊಡಗಿದ ಕ್ಷಣದಲ್ಲಿಯೇ, ದಣಿದಾಗ ಬೆಟ್ಟಗಳ ಮೇಲೆ ಕಾಲಿಟ್ಟು ವಿಶ್ರಮಿಸಬೇಕೆಂದೂ, ಕ್ಷೀಣಿಸಿದಾಗ ನದಿಗಳ ಹಗುರವಾದ ನೀರನ್ನು ಕುಡಿಯಬೇಕೆಂದೂ ಸೂಚಿಸುತ್ತಾನೆ. ಎಷ್ಟು ಗಾವುದವೆಂಬ ಲೆಕ್ಕ ಕಾವ್ಯದಲ್ಲೆಲ್ಲಿಯೂ ಇಲ್ಲ. ಎಲ್ಲಿ ದಣಿವಾಗುವುದು, ಎಲ್ಲಿ ನೀರು ಸಿಗುವುದು ಎಂಬ ಲೆಕ್ಕವಿದೆ. ಆಮ್ರಕೂಟದಲ್ಲಿ ವಿಶ್ರಾಂತಿ, ರೇವಾನದಿಯಲ್ಲಿ ನೀರು, ವಿದಿಶೆಯ ಬಳಿಯ ನೀಚೈರ್ಗಿರಿಯಲ್ಲಿ ಮತ್ತೆ ವಿಶ್ರಾಂತಿ. ಹೀಗೆ ಯೋಜನೆಯು ತಂಗುವ ತಾಣಗಳಿಂದ ಕಟ್ಟಲ್ಪಟ್ಟಿದೆ.

ಎರಡನೆಯದಾಗಿ, ಆ ದಾರಿಯಲ್ಲಿ ಸುತ್ತುದಾರಿಯೆಂದು ಕವಿಯೇ ಒಪ್ಪಿಕೊಳ್ಳುವುದು ಒಂದೇ ಒಂದು. ಬಡಗಲಿಗೆ ಹೋಗುವವನಿಗೆ ಉಜ್ಜಯಿನಿಯು ಓರೆಯಾಗುತ್ತದೆ. ಆದರೂ ಅದನ್ನು ಬಿಡಬಾರದೆಂದು ಯಕ್ಷನು ಒತ್ತಾಯಪಡಿಸುತ್ತಾನೆ. ಒಂದಕ್ಕಾಗಿ ಬಳಸಿದ ಮೇಲೆ ಅಲ್ಲಿ ಕಾಲವನ್ನೂ ಕೊಡುತ್ತಾನೆ. ಬೇರೆ ಹೊತ್ತಿನಲ್ಲಿ ಮಹಾಕಾಲಕ್ಕೆ ಬಂದರೂ ಸೂರ್ಯನು ಮರೆಯಾಗುವವರೆಗೆ ಕಾಯಬೇಕು; ಸಂಜೆಯ ಪೂಜೆಯಲ್ಲಿ ಗುಡುಗಿನಿಂದ ನಗಾರಿಯ ಸೇವೆಯನ್ನು ಸಲ್ಲಿಸಬೇಕು; ಪಾರಿವಾಳಗಳು ಮಲಗಿರುವ ಯಾವುದಾದರೊಂದು ಮಾಡಿನ ಮೇಲೆ ಆ ಇರುಳನ್ನು ಕಳೆದು, ಬೆಳಗಾದ ಮೇಲೆ ಉಳಿದ ದಾರಿಯನ್ನು ಹಿಡಿಯಬೇಕು. ಪತ್ನಿಯ ಪ್ರಾಣದ ವಿಷಯದಲ್ಲಿ ಆತಂಕದಿಂದಿರುವವನು ಹೀಗೆ ಒಂದು ರಾತ್ರಿಯನ್ನು ಬಿಟ್ಟುಕೊಡುತ್ತಾನೆಂಬುದನ್ನು ಗಮನಿಸಬೇಕು. ಅವಸರವಿದ್ದವನಿಗೇ ಒಂದೆಡೆ ನಿಲ್ಲುವುದರ ಬೆಲೆ ತಿಳಿದಿರುತ್ತದೆಯೆಂದು ತೋರುವುದು. ನಾಲ್ಕು ದಿನಗಳ ಪಟ್ಟಿಯಲ್ಲಿ ಎಲ್ಲವೂ ಉಜ್ಜಯಿನಿಯೇ. ಆದುದರಿಂದ ಯಾವುದೂ ಉಜ್ಜಯಿನಿಯಲ್ಲ.

ಮೂರನೆಯದು ಅತಿಥಿಯ ನಡತೆ. ಆಮ್ರಕೂಟವು ಮೋಡವನ್ನು ತಲೆಯ ಮೇಲೆ ಹೊರುವುದು ಮೋಡವು ಅಲ್ಲಿಯ ಕಾಡುಗಿಚ್ಚನ್ನು ಆರಿಸಿದುದಕ್ಕಾಗಿ. ರೇವೆಯ ನೀರನ್ನು ಕುಡಿಯುವುದು ತಾನು ಮಳೆಗರೆದಾದ ಮೇಲೆ. ನೀಚೈರ್ಗಿರಿಯ ಬಳಿಯಲ್ಲಿ ಹೂ ಕೊಯ್ಯುವ ಹೆಂಗಸರ ಬೆವರಿದ ಮುಖಕ್ಕೆ ಕ್ಷಣಕಾಲ ನೆರಳನ್ನು ಕೊಟ್ಟು ಮುಂದೆ ಹೋಗಬೇಕು. ಉಜ್ಜಯಿನಿಯ ಕತ್ತಲೆಯ ಬೀದಿಗಳಲ್ಲಿ ನಡೆಯುವ ಹೆಂಗಸರಿಗೆ ಮಿಂಚಿನಿಂದ ದಾರಿಯನ್ನು ತೋರಿಸಬೇಕು, ಆದರೆ ಗುಡುಗಬಾರದು, ಅವರು ಹೆದರುವರು. ಊರಿಗೆ ಬಂದ ಅತಿಥಿಯು ಬೆಳಕಾಗಬೇಕು, ಸದ್ದಾಗಬಾರದೆಂಬ ಈ ಮಾತು ಸಾವಿರದೈನೂರು ವರ್ಷಗಳಿಗೂ ಹಿಂದಿನದೆಂದು ಹೇಳಿದರೆ, ಇಂದು ಕಡಲ ಕರೆಯಲ್ಲಿ ನಡುರಾತ್ರಿಯವರೆಗೆ ಧ್ವನಿವರ್ಧಕವನ್ನಿಟ್ಟು ಕುಣಿಯುವವರು ನಂಬುವರೋ ಇಲ್ಲವೋ. ಮಲೆನಾಡಿನ ಒಂಟಿಮನೆಗಳವರೂ, ಬೆಳಗಿನ ಜಾವಕ್ಕೆ ದೋಣಿಯನ್ನು ನೂಕಬೇಕಾದ ಮೀನುಗಾರರೂ ಅದನ್ನು ಕೂಡಲೆ ನಂಬುವರು.

ಛಂದಸ್ಸು ಕೂಡ ಇದನ್ನೇ ಕಲಿಸುತ್ತದೆ. ಮೇಘದೂತವೆಲ್ಲವೂ ಮಂದಾಕ್ರಾಂತವೃತ್ತದಲ್ಲಿದೆ, ಮೆಲ್ಲನೆ ಅಡಿಯಿಡುವುದೆಂದು ಆ ಹೆಸರಿನ ಅರ್ಥ. ಪಾದಕ್ಕೆ 17 ಅಕ್ಷರಗಳು. 4, 6, 7 ಎಂದು ಯತಿಸ್ಥಾನಗಳು. ಮೊದಲು ನಾಲ್ಕು ಗುರುಗಳು ನಿಧಾನವಾಗಿ ನಡೆಯುವುವು. ಬಳಿಕ ಐದು ಲಘುಗಳು ಓಡಿ ಒಂದು ಗುರುವಿನಲ್ಲಿ ನಿಲ್ಲುವುವು. ಕೊನೆಯ ಏಳು ತಿರುವುಗಳಲ್ಲಿ ತೂಗುತ್ತ ಇಳಿಯುವುವು. ಬೆಂಗಳೂರಿನ ಜನಸಂದಣಿಯನ್ನು ತಡೆತಡೆದು ದಾಟಿ, ಬಯಲುಸೀಮೆಯಲ್ಲಿ ವೇಗವಾಗಿ ಸಾಗಿ, ಕೊನೆಗೆ ಆಗುಂಬೆಯ 14 ತಿರುವುಗಳಲ್ಲಿ ಬಾಗುತ್ತ ಬಳುಕುತ್ತ ಇಳಿಯುವವರಿಗೆ ಈ ವೃತ್ತದ ಲಯವು ಹೊಸದಾಗಿ ತೋರಲಾರದು. ಯತಿಯಿಲ್ಲದೆ ಓದಿದರೆ ಶ್ಲೋಕವು ಕೆಡುವಂತೆ, ತಂಗದೆ ಓಡಿದರೆ ದಾರಿಯೂ ಕೆಡುತ್ತದೆ.

ಡೇರೆಯನ್ನು ಹೊತ್ತು ಹೊರಡುವವರು ರಘುವಂಶದ ಎರಡು ಸಂದರ್ಭಗಳನ್ನೂ ನೆನೆಯಬೇಕು. ಐದನೆಯ ಸರ್ಗದಲ್ಲಿ ಅಜನು ಇಂದುಮತಿಯ ಸ್ವಯಂವರಕ್ಕೆ ಹೊರಟಿದ್ದಾನೆ. ದಾರಿಯಲ್ಲಿ ರಾಜಯೋಗ್ಯವಾದ ಡೇರೆಗಳು. ಹಳ್ಳಿಗರು ತಂದ ಕಾಣಿಕೆಗಳಿಂದ ಬೀಡುಗಳು ಉದ್ಯಾನವಿಹಾರದಂತಾಗಿವೆ. ನರ್ಮದೆಯ ದಡದಲ್ಲಿ ಸೈನ್ಯವು ಇಳಿದಾಗ ನೀರಿನೊಳಗಿಂದ ಕಾಡಾನೆಯೊಂದು ಏಳುತ್ತದೆ. ಕುದುರೆಗಳು ಹಗ್ಗವನ್ನು ಹರಿದುಕೊಳ್ಳುತ್ತವೆ, ರಥಗಳು ಮುರಿಯುತ್ತವೆ, ಬೀಡೆಲ್ಲವೂ ಕಂಗೆಡುತ್ತದೆ. ಕಾಡಾನೆಯನ್ನು ಕೊಲ್ಲಬಾರದೆಂಬ ಶಾಸ್ತ್ರವನ್ನರಿತ ಅಜನು ಅದನ್ನು ತಡೆಯುವಷ್ಟು ಮಾತ್ರವೇ ಬಾಣವನ್ನು ಬಿಡುತ್ತಾನೆ. ಆನೆಯು ಶಾಪವಿಮುಕ್ತನಾದ ಗಂಧರ್ವನಾಗಿ ನಿಲ್ಲುವುದು ಕಾವ್ಯದ ಭಾಗ್ಯ. ಸಕಲೇಶಪುರದ ಕಾಫಿತೋಟಗಳ ನಡುವೆ, ಆನೆ ನಡೆದಾಡುವ ದಾರಿಯಲ್ಲಿ ಡೇರೆಯನ್ನು ಹೂಡಿದವರಿಗೆ ಅಂತಹ ಭಾಗ್ಯವನ್ನು ಯಾರೂ ಭರವಸೆಯಾಗಿ ಕೊಡಲಾರರು. ಬೀಡನ್ನು ಎಲ್ಲಿ ಬಿಡಬಾರದೆಂಬುದು ಯೋಜನೆಯ ಮೊದಲನೆಯ ಸಾಲಾಗಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಅಭಯಾರಣ್ಯಗಳಲ್ಲಿಯೂ ಅನುಮತಿಯಿಲ್ಲದೆ ಹೊಗುವುದನ್ನೂ ಬೆಂಕಿಯನ್ನು ಹಚ್ಚುವುದನ್ನೂ 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಊರವರ ಮನೆಯಂಗಳದಲ್ಲಿಯೋ, ಒಪ್ಪಿಗೆಯುಳ್ಳ ಬಿಡಾರಗಳಲ್ಲಿಯೋ ಕೇಳಿಕೊಂಡು ಡೇರೆಯನ್ನು ಹೂಡುವುದೇ ಮರ್ಯಾದೆಯ ಮಾರ್ಗ. ದಂಡಿಯ ಕ್ರಮದಲ್ಲಿ ದೂತನು ಪ್ರಯಾಣಕ್ಕಿಂತ ಮೊದಲೇ ಬರುವುದು ಇದಕ್ಕಾಗಿಯೇ ಎನ್ನಬಹುದು.

ಎರಡನೆಯ ಸಂದರ್ಭವು ಹದಿಮೂರನೆಯ ಸರ್ಗದ್ದು. ರಾಮನು ಸೀತೆಯೊಡನೆ ಪುಷ್ಪಕದಲ್ಲಿ ಮರಳುತ್ತಿದ್ದಾನೆ. ಕೆಳಗೆ ಮೊದಲು ಕಡಲು, ಆಮೇಲೆ ಕರೆಯ ತಾಳೆಯ ಸಾಲು, ಬಳಿಕ ಬೆಟ್ಟಕಾಡುಗಳು. ಪುಷ್ಪಕಕ್ಕಿಂತ ವೇಗವಾದ ವಾಹನ ಯಾವುದಿದೆ? ಆದರೂ ಆ ಸರ್ಗದಲ್ಲಿ ಒಂದೊಂದು ಸ್ಥಳವೂ ಬೆಳಗುತ್ತದೆ. ಕಾರಣವೇನೆಂದರೆ, ಮಾಲ್ಯವಂತದಲ್ಲಿ ರಾಮನು ಒಂದು ಮಳೆಗಾಲವನ್ನು ಅಳುತ್ತ ಕಳೆದಿದ್ದನು. ಪಂಚವಟಿಯಲ್ಲಿ ಸೀತೆಯು ಗಿಡಗಳಿಗೆ ನೀರೆರೆದಿದ್ದಳು. ಗೋದಾವರಿಯ ದಡದ ಗುಡಿಸಲಲ್ಲಿ ಅವರು ಮಲಗಿದ್ದರು. ಎಲೆಮನೆಯಲ್ಲಿ ಬಾಳಿದವರಿಗೆ ಮಾತ್ರ ವಿಮಾನದಿಂದ ನೋಡಿದರೂ ಏನಾದರೂ ಕಾಣುತ್ತದೆ. ವೇಗವು ದೋಷವಲ್ಲ, ಹಿಂದೆ ಎಂದೂ ನಿಂತಿರದವನ ವೇಗವು ದೋಷ.

ಇದಕ್ಕೆಲ್ಲ ಒಂದು ಪೂರ್ವಪಕ್ಷವುಂಟು. ಮೋಡಕ್ಕೆ ಅನ್ನ ಬೇಡ, ಪೆಟ್ರೋಲು ಬೇಡ, ಕಚೇರಿಯ ರಜೆ ಬೇಡ, ಕಾಲುನೋವಿನ ಅಜ್ಜಿಯೂ ಅದರ ಜೊತೆಯಲ್ಲಿಲ್ಲ. ಕವಿಯ ದಾರಿಯನ್ನು ಗೃಹಸ್ಥನಿಗೆ ಮಾದರಿಯೆಂದು ಹೇಳುವುದು ಹೇಗೆ? ಈ ಆಕ್ಷೇಪವು ಸತ್ಯ. ವಿಶೇಷವಾಗಿ ಕಾಲದ ವಿಷಯದಲ್ಲಿ ಯಕ್ಷನ ಮಾತನ್ನು ತಿರುಗಿಸಿಯೇ ಹಿಡಿಯಬೇಕು. ಆಷಾಢವು ಮೋಡಕ್ಕೆ ಯಾತ್ರಾಕಾಲ; ಆದುದರಿಂದಲೇ ಅದು ಮನುಷ್ಯನಿಗೆ ಘಟ್ಟದ ಕಾಲವಲ್ಲ. ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಬೀಳುವ ಆಗುಂಬೆಯಲ್ಲಿ ಆಗ ಡೇರೆಯೂ ನಿಲ್ಲದು, ಸೂರ್ಯಾಸ್ತವೂ ಕಾಣದು. 2018 ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದುವು. 2019 ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟದ ದಾರಿಯು ಮಣ್ಣು ಕುಸಿದು ಮುಚ್ಚಿತು. 2024 ರ ಜುಲೈ 16 ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡವು ರಾಷ್ಟ್ರೀಯ ಹೆದ್ದಾರಿ 66 ರ ಮೇಲೆ ಬಿದ್ದು, ದಾರಿಯ ಬದಿಯಲ್ಲಿ ಚಹದ ಅಂಗಡಿಯನ್ನಿಟ್ಟುಕೊಂಡಿದ್ದವರನ್ನೂ ಅಲ್ಲಿ ನಿಂತಿದ್ದವರನ್ನೂ ನುಂಗಿತು. ದಣಿದ ಪ್ರಯಾಣಿಕರಿಗೆ ಬಿಸಿಚಹವನ್ನು ಕೊಡುತ್ತಿದ್ದ ತಾಣವೇ ಇಲ್ಲವಾಯಿತು. ಕಡಿದಾಗಿ ಕೊರೆದ ಗುಡ್ಡದ ಬುಡದಲ್ಲಿ ಹಾದುಹೋಗುವ ದಾರಿಯನ್ನು ಚಿತ್ರದಂತೆ ನೋಡಿ ಸಂತೋಷಪಡುವವರು, ಆ ಗುಡ್ಡದ ಕೆಳಗೆ ವರ್ಷವೆಲ್ಲ ಬಾಳುವವರೂ ಇದ್ದಾರೆಂಬುದನ್ನು ಪಟ್ಟಿಯಲ್ಲಿ ಎಲ್ಲಿಯಾದರೂ ಬರೆದಿಟ್ಟುಕೊಳ್ಳುವುದು ಧರ್ಮ.

ಹಾಗೆಂದು ಬೇಸಗೆಯೇ ಸರಿಯೆಂದೂ ಅಲ್ಲ. 1964 ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಂದಿನಿಂದ ಶರಾವತಿಯ ನೀರು ಮೇಲೆಯೇ ನಿಲ್ಲುವುದರಿಂದ, ಮೇ ತಿಂಗಳಿನಲ್ಲಿ ಜೋಗಕ್ಕೆ ಹೋದವರು 253 ಮೀಟರಿನ ಬಂಡೆಯನ್ನೂ ಅದರ ಮೇಲೆ ಎಳೆಯೆಳೆಯಾದ ನೀರನ್ನೂ ನೋಡಿ ಮರಳುವರು. ಔಚಿತ್ಯವೇ ಕಾವ್ಯದ ಜೀವವೆಂದ ಕ್ಷೇಮೇಂದ್ರನು ಅದರ ಎಡೆಗಳನ್ನೆಣಿಸುವಾಗ ದೇಶದ ಜೊತೆಯಲ್ಲಿಯೇ ಕಾಲವನ್ನೂ ಸೇರಿಸಿದ್ದಾನೆ. ಮಳೆ ಕಳೆದು, ಹಳ್ಳಗಳಲ್ಲಿ ನೀರಿನ್ನೂ ಇದ್ದು, ಆಕಾಶ ತಿಳಿಯಾಗಿರುವ ಕಾರ್ತಿಕ, ಮಾರ್ಗಶಿರಗಳು ಮಲೆನಾಡಿಗೂ ಕರಾವಳಿಗೂ ಸಲ್ಲುವ ಕಾಲ. ಕಾಲವನ್ನು ಬದಲಾಯಿಸಲಾಗದ ಪಕ್ಷದಲ್ಲಿ ಸ್ಥಳವನ್ನು ಬದಲಾಯಿಸಬೇಕು. ಎಲ್ಲರೂ ಒಂದೇ ರಜೆಯಲ್ಲಿ ಒಂದೇ ಶಿಖರಕ್ಕೆ ನುಗ್ಗಿದರೆ ಆಗುವುದೇನೆಂಬುದು ತಿಳಿದೇ ಇದೆ. 2024 ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಾತ್ರೆಯೇ ನೆರೆದು, ಅರಣ್ಯ ಇಲಾಖೆಯವರು ಮುಂಗಡ ನೋಂದಣಿಯ ಏರ್ಪಾಡು ಆಗುವವರೆಗೆ ಚಾರಣವನ್ನೇ ನಿಲ್ಲಿಸಬೇಕಾಯಿತು.

ಇನ್ನು ಯಕ್ಷನ ಯೋಜನೆಯಲ್ಲಿ ಅತ್ಯಂತ ಬೆಲೆಯುಳ್ಳ ಒಂದು ಅಂಶ ಉಳಿದಿದೆ. ಅವಂತಿಯನ್ನು ಹೇಳುವಾಗ ಅಲ್ಲಿಯ ಹಳ್ಳಿಗಳ ಮುದುಕರು ಉದಯನನ ಕಥೆಯಲ್ಲಿ ಪಂಡಿತರೆಂದು ಆತನು ಸೂಚಿಸುತ್ತಾನೆ. ಊರಿಗೆ ಬಂದವನು ಊರಿನ ಕಥೆಯನ್ನು ಊರಿನವರಿಂದ ಕೇಳಬೇಕೆಂಬುದು ಅದರ ಧ್ವನಿ. ಕನ್ನಡಿಗರ ಪುಣ್ಯದಿಂದ ಈ ಬೆಟ್ಟಕಡಲುಗಳ ದಾರಿಯಲ್ಲಿ ಅಂತಹ ಕಥಾಕೋವಿದರು ಗ್ರಂಥರೂಪದಲ್ಲಿಯೂ ಲಭಿಸುವರು. ಕುವೆಂಪು ಅವರ ಮಲೆನಾಡಿನ ಚಿತ್ರಗಳು ಪ್ರಕಟವಾದುದು 1933 ರಲ್ಲಿ. ಮಲೆಯಲ್ಲಿಯೇ ಹುಟ್ಟಿ ಬೆಳೆದವರ ಕಣ್ಣು ಅದರಲ್ಲಿದೆ. ಶಿವರಾಮ ಕಾರಂತರ ಮರಳಿ ಮಣ್ಣಿಗೆ ಕಾದಂಬರಿಯು 1941 ರದು. ಕಡಲಿಗೂ ಗದ್ದೆಗೂ ನಡುವೆ ದುಡಿದು ಸವೆದ ಹೆಂಗಸರ ಬಾಳನ್ನು ಅದರಲ್ಲಿ ಓದಿದವರಿಗೆ, ಕೋಟ ಸಾಲಿಗ್ರಾಮಗಳ ಹೆದ್ದಾರಿಯ ಬದಿಯ ತೆಂಗಿನ ತೋಟಗಳು ಬರಿಯ ಹಸುರಾಗಿ ಉಳಿಯುವುದಿಲ್ಲ. ಕಾರ್ಕಳದ ಸೀಮೆಯ ನಂದಳಿಕೆಯು ಮುದ್ದಣನ ಊರು; 1901 ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಆ ಕವಿಯ ಮನೋರಮೆಯನ್ನು ಬಲ್ಲವರು ಆ ಕೈಮರವನ್ನು ಸುಮ್ಮನೆ ದಾಟಲಾರರು. ಪ್ರವಾಸಕಥನವನ್ನೇ ಬಯಸುವವರಿಗೆ ವಿ. ಸೀತಾರಾಮಯ್ಯನವರ ಪಂಪಾಯಾತ್ರೆಯಿದೆ. ಅದರ ವಸ್ತುವು ಹಂಪೆ; ದಾರಿಯು ಬೇರೆಯಾದರೂ ಒಂದೇ ಸ್ಥಳಕ್ಕಾಗಿ ಹೊರಟು ಒಂದು ಪುಸ್ತಕದಷ್ಟನ್ನು ಹೊತ್ತು ತರಬಹುದೆಂಬುದಕ್ಕೆ ಅದು ಸಾಕ್ಷಿ. ಹದಿಮೂರು ಸ್ಥಳಗಳನ್ನು ಸುತ್ತಿ ಬಂದವರಿಗೆ ಒಂದು ಪುಟವೂ ತುಂಬದಿರುವುದನ್ನು ಇದರೊಡನೆ ಹೋಲಿಸಿ ನೋಡಬಹುದು.

ಹೀಗಿರಲು ಆ ನಾಲ್ಕು ದಿನಗಳ ಪಟ್ಟಿಯನ್ನು ತಿದ್ದುವ ಬಗೆ ಯಾವುದು? ಮೊದಲನೆಯ ದಿನ ತೀರ್ಥಹಳ್ಳಿಯವರೆಗಿನ ದಾರಿ ಸಾಕು. ತುಂಗೆಯ ದಡಕ್ಕೆ ಬೆಳಕಿರುವಾಗಲೇ ಸೇರುವುದು ಮೇಲು. ಎರಡನೆಯ ದಿನವನ್ನು ಪೂರ್ತಿಯಾಗಿ ಕುಪ್ಪಳಿಗೆ ಕೊಡಬೇಕು. ಕವಿಯ ಮನೆಯನ್ನು ಬೆಳಗ್ಗೆಯೂ, 1994 ರಲ್ಲಿ ಅವರು ಮಣ್ಣಾದ ಕವಿಶೈಲವನ್ನು ಸಂಜೆಯೂ ನೋಡಿ, ನಡುವೆ ಏನನ್ನೂ ನೋಡದಿರುವುದಕ್ಕೆ ಅವಕಾಶವಿರಬೇಕು. ಮೂರನೆಯ ದಿನ ಆಗುಂಬೆಯನ್ನಿಳಿದು, ಒಂದು ಕಡೆಯಲ್ಲಿ ಸೌಪರ್ಣಿಕೆಯೂ ಮತ್ತೊಂದು ಕಡೆಯಲ್ಲಿ ಕಡಲೂ ಇರುವ ಮರವಂತೆಯ ಬಳಿ ಊರವರನ್ನು ಕೇಳಿ ಬೀಡುಬಿಡಬೇಕು. ನಾಲ್ಕನೆಯ ದಿನವೂ ಅಲ್ಲಿಯೇ. ಐದನೆಯ ದಿನ ಮನೆ. ಐದು ದಿನ ಸಿಗದಿದ್ದರೆ ಕಡಲನ್ನು ಮುಂದಿನ ವರ್ಷಕ್ಕೆ ಬಿಡಬೇಕು. ಕಡಲು ಎಲ್ಲಿಗೂ ಹೋಗದು. ಬೇಲೂರು, ಜೋಗ, ಗೋಕರ್ಣಗಳು ಕೈಬಿಟ್ಟುಹೋದುವೆಂದು ಮಕ್ಕಳು ಮುನಿಯಬಹುದು. ಬಿಟ್ಟುದು ಕಡಿಮೆಯಾದುದಲ್ಲ, ಕಾಯ್ದಿರಿಸಿದುದೆಂದು ಅವರಿಗೆ ತಿಳಿಹೇಳುವುದು ಹಿರಿಯರ ಕೆಲಸ.

ಕೊನೆಯದಾಗಿ ಒಂದು ಮಾತು. ಪೂರ್ವಮೇಘಕ್ಕೆ ಉತ್ತರಮೇಘವಿದೆ, ದಾರಿಯ ಕೊನೆಯಲ್ಲಿ ಅಲಕೆಯ ಮನೆಯೊಂದರಲ್ಲಿ ದಿನಗಳನ್ನು ಹೂಗಳಿಂದ ಎಣಿಸುತ್ತ ಕುಳಿತ ಒಬ್ಬಳಿದ್ದಾಳೆ. ದಾರಿಯ ಸೊಬಗೆಲ್ಲವೂ ಅವಳಿಗಾಗಿ. ಬೆಂಗಳೂರಿನಿಂದ ಹೊರಟು ಬೆಂಗಳೂರಿಗೇ ಮರಳುವ ವಿಹಾರಯಾತ್ರೆಗೆ ಅಂತಹ ಕೊನೆಯಿಲ್ಲವೆಂದು ತೋರಬಹುದು. ಆದರೆ ಚಾಮರಾಜಪೇಟೆಯ ಆ ಮನೆಯಲ್ಲಿ ಮಂಡಿನೋವಿನಿಂದ ಕಾರು ಹತ್ತಲಾರದೆ ಉಳಿದ ಅಜ್ಜಿಯೊಬ್ಬರು ಇದ್ದೇ ಇರುವರು. ಹೊರಡುವ ಹಿಂದಿನ ರಾತ್ರಿ ಚಟ್ನಿಪುಡಿಯನ್ನು ಕುಟ್ಟಿಸಿದವರು ಅವರು; ದೀಪ ಹಚ್ಚಿ ಬಾಗಿಲಲ್ಲಿ ದಾರಿಯನ್ನು ನೋಡುವವರೂ ಅವರೇ. ಮರಳಿ ಬಂದ ಸಂಜೆ ಅವರು ಏನು ಕಂಡಿರೆಂದು ಕೇಳುವರು. ಆಗ ಮೊಬೈಲಿನ ನೂರು ಚಿತ್ರಗಳನ್ನು ಮುಂದೆ ಹಿಡಿದು ಹೆಸರುಗಳನ್ನು ಓದುವುದೋ, ಇಲ್ಲವೆ ಹತ್ತಿರ ಕುಳಿತು ತುಂಗೆಯ ದಡದ ಒಂದು ಸಂಜೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವುದೋ ಎಂಬುದು, ಒಂದು ತಿಂಗಳ ಹಿಂದೆ ಊಟದ ಮನೆಯಲ್ಲಿ ಪಟ್ಟಿಯನ್ನು ಬರೆದಾಗಲೇ ನಿರ್ಣಯವಾಗಿರುತ್ತದೆ.